ಬೇರೆ ಬೇರೆ ಕಡೆಯಿಂದ ಬಂದ ಹಾಸ್ಟೆಲ್ ವಿದ್ಯಾರ್ಥಿಗಳ ನಿದ್ದೆ ಅಳೆಯೋದು ಹೇಗೆ? (ಹಾಸನದಲ್ಲಿ ಸರ್ವೆ)

ಹೇಮಾವತಿ_ದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮನಃಶಾಸ್ತ್ರ ಎಂಎಸ್ಸಿ ಡಿಸರ್ಟೇಶನ್‌ಗೆ ಹಾಸನದ ಮೂರು ಹಾಸ್ಟೆಲ್‌ಗಳಲ್ಲಿ ನಿದ್ದೆಯ ಗುಣಮಟ್ಟದ ಸರ್ವೆ ಮಾಡಬೇಕು. ಒಂದೇ ಕಟ್ಟಡದಲ್ಲಿ ಹಾಸನ–ಚಿಕ್ಕಮಗಳೂರು ಕಡೆಯವರು, ಕಲಬುರಗಿ–ರಾಯಚೂರಿನವರು, ಕೇರಳದವರು, ಈಶಾನ್ಯ ರಾಜ್ಯಗಳವರು ಇದ್ದಾರೆ. ಹೊರದೇಶದವರು ಎಂಟು ಜನ. ರೂಮಿಗೆ ಮೂವರು. ಊಟ, ಹಬ್ಬ, ಏಳೋ ಹೊತ್ತು, ಮಧ್ಯಾಹ್ನ ಮಲಗೋ ಅಭ್ಯಾಸ ಎಲ್ಲಾ ಬೇರೆ ಬೇರೆ. ಹಿನ್ನೆಲೆಗೂ ನಿದ್ದೆಗೂ ಏನು ಸಂಬಂಧ ಅನ್ನೋದೇ ಪ್ರಶ್ನೆ.

ಸದ್ಯದ ಯೋಜನೆ: ಪಿಟ್ಸ್‌ಬರ್ಗ್ ನಿದ್ರಾ ಗುಣಮಟ್ಟ ಸೂಚ್ಯಂಕ, ಅಂದರೆ ಪಿಎಸ್‌ಕ್ಯುಐ (ನಿದ್ದೆ ಹೇಗಿದೆ ಅಂತ ಕೇಳೋ ಪ್ರಶ್ನಾವಳಿ; ಏಳು ಘಟಕ, ಒಂದೊಂದಕ್ಕೆ 0ಯಿಂದ 3 ಅಂಕ, ಅಂಕ ಹೆಚ್ಚಿದಷ್ಟೂ ನಿದ್ದೆ ಕಳಪೆ), ಇದನ್ನ ಗೂಗಲ್ ಫಾರ್ಮ್‌ಗೆ ಹಾಕಿ ಹಾಸ್ಟೆಲ್ ವಾಟ್ಸಾಪ್ ಗುಂಪುಗಳಿಗೆ ಕಳಿಸೋದು. ಒಟ್ಟು 240 ಜನ, ಗುಂಪಿಗೆ 60. ಕನ್ನಡದವರಿಗೆ ಕನ್ನಡದಲ್ಲಿ, ಉಳಿದವರಿಗೆ ಹಿಂದಿ ಅಥವಾ ಇಂಗ್ಲಿಷ್‌ನಲ್ಲಿ. 5ಕ್ಕಿಂತ ಹೆಚ್ಚು ಅಂಕ ಬಂದವರನ್ನ 'ಕಳಪೆ ನಿದ್ದೆ' ಅಂತ ಹಿಡಿದು, ಯಾವ ಗುಂಪಲ್ಲಿ ಶೇಕಡಾ ಎಷ್ಟು ಅಂತ ನೋಡಿ, ಗುಂಪು ಗುಂಪಿಗೆ ಟಿ-ಟೆಸ್ಟ್ (ಎರಡು ಗುಂಪುಗಳ ಸರಾಸರಿ ಹೋಲಿಸೋ ಪರೀಕ್ಷೆ). ಡೇಟಾ ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ.

ಇದರಲ್ಲಿ ಏನು ಕೆಡಬಹುದು? ಡೇಟಾ ಬಂದ ಮೇಲೆ ಸರಿಮಾಡೋಕೆ ಆಗದಂಥ ತಪ್ಪುಗಳನ್ನ ಮೊದಲು ಹೇಳಿ.

---

ಅಳತೆಗೋಲು

ಯೋಜನೆ ಚೆನ್ನಾಗಿದೆ, ಆದರೆ ಈಗಿರುವ ರೂಪದಲ್ಲಿ ಹೋದರೆ ಸಂಸ್ಕೃತಿಯ ವ್ಯತ್ಯಾಸ ಸಿಗುವುದಿಲ್ಲ, ಭಾಷೆಯ ವ್ಯತ್ಯಾಸ ಸಿಗುತ್ತದೆ. ಯಾಕೆಂದು ಒಂದೇ ಪದದಲ್ಲಿ ತೋರಿಸಬಹುದು: 'ಮಲಗು'.

ಪಿಎಸ್‌ಕ್ಯುಐನ ಮೊದಲ ಪ್ರಶ್ನೆ, ಸಾಮಾನ್ಯವಾಗಿ ರಾತ್ರಿ ಎಷ್ಟು ಹೊತ್ತಿಗೆ ಹಾಸಿಗೆಗೆ ಹೋಗುತ್ತೀರಿ ಎಂದು. ಕನ್ನಡದಲ್ಲಿ 'ಎಷ್ಟೊತ್ತಿಗೆ ಮಲಗ್ತೀರಿ' ಎಂದು ಹಾಕಿದರೆ ಒಬ್ಬ ಮೈಚಾಚಿದ ಹೊತ್ತು ಬರೆಯುತ್ತಾನೆ, ಇನ್ನೊಬ್ಬ ಕಣ್ಣುಮುಚ್ಚಿದ ಹೊತ್ತು ಬರೆಯುತ್ತಾನೆ. ನಮ್ಮ ಮಾತಿನಲ್ಲಿ ಎರಡಕ್ಕೂ ಅದೇ ಪದ. ಹಿಂದಿಯಲ್ಲಿ 'ಸೋನಾ' ಎಂದು ಹಾಕಿದರೆ ಉತ್ತರ ಹೆಚ್ಚಾಗಿ ನಿದ್ದೆಯ ಕಡೆಗೇ ವಾಲುತ್ತದೆ. ಇಂಗ್ಲಿಷ್ ಮೂಲ ಕೇಳುವುದು ಹಾಸಿಗೆಯನ್ನು.

ಇದರಿಂದ ಅಂಕ ಎಷ್ಟು ಓಡಾಡುತ್ತದೆ ನೋಡಿ. ಒಬ್ಬ ವಿದ್ಯಾರ್ಥಿ 11ಕ್ಕೆ ಹಾಸಿಗೆ ಸೇರಿ 12ರವರೆಗೆ ಫೋನ್ ನೋಡಿದ, 12:15ಕ್ಕೆ ನಿದ್ದೆ ಬಂತು, ನಡುವೆ ಮುಕ್ಕಾಲು ಗಂಟೆ ಎಚ್ಚರವಿದ್ದ, 6:30ಕ್ಕೆ ಎದ್ದ. ನಿಜವಾದ ನಿದ್ದೆ ಐದೂವರೆ ಗಂಟೆ. ಅವನು 11 ಎಂದು ಬರೆದರೆ ನಿದ್ದೆ ಬರಲು ತೆಗೆದುಕೊಂಡದ್ದು 75 ನಿಮಿಷ, 'ಅರ್ಧ ಗಂಟೆಯೊಳಗೆ ನಿದ್ದೆ ಬರುವುದಿಲ್ಲ' ಎಂಬುದಕ್ಕೆ ವಾರಕ್ಕೆ ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ. ಆ ಘಟಕಕ್ಕೆ ಪೂರ್ತಿ 3 ಅಂಕ. ನಿದ್ದೆಯ ದಕ್ಷತೆ (ಹಾಸಿಗೆಯಲ್ಲಿದ್ದ ಹೊತ್ತಿನಲ್ಲಿ ನಿದ್ದೆಯ ಪಾಲು) 5.5 ಭಾಗಿಸು 7.5, ಅಂದರೆ ಶೇ 73, ಅದಕ್ಕೆ 2. ಅವನೇ 12 ಎಂದು ಬರೆದರೆ ನಿದ್ದೆ ಬರಲು 15 ನಿಮಿಷ, ಅಂಕ 0. ದಕ್ಷತೆ ಶೇ 84.6, ಅಂಕ 1. ಉಳಿದ ಐದು ಘಟಕಗಳಲ್ಲಿ ಒಟ್ಟು 6 ಎಂದಿಟ್ಟುಕೊಂಡರೆ ಮೊದಲನೆಯದರಲ್ಲಿ ಒಟ್ಟು 11, ಎರಡನೆಯದರಲ್ಲಿ 7. ರಾತ್ರಿ ಅದೇ, ನಿದ್ದೆ ಅದೇ, ವ್ಯತ್ಯಾಸ 4 ಅಂಕ! ನೀವು ಗುಂಪುಗಳ ನಡುವೆ ಹುಡುಕುತ್ತಿರುವ ವ್ಯತ್ಯಾಸ ಒಂದೋ ಎರಡೋ ಅಂಕದ್ದಾಗಿರುತ್ತದೆ.

ಪರಿಹಾರವಾಗಿ ಮೂಲ ಪ್ರಶ್ನೆಯನ್ನೇ ತಿದ್ದಬೇಡಿ. ತಿದ್ದಿದರೆ ಅದು ಪಿಎಸ್‌ಕ್ಯುಐ ಆಗಿ ಉಳಿಯುವುದಿಲ್ಲ. ಅದರ ಹಕ್ಕು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ್ದು, ಬಳಸುವ ಮೊದಲು ಅನುಮತಿ ಪಡೆಯಬೇಕು, ಅನುಮೋದಿತ ಅನುವಾದಗಳನ್ನೂ ಅಲ್ಲೇ ಕೇಳಬೇಕು. ಮೂಲ ಪ್ರಶ್ನಾವಳಿ ಪೂರ್ತಿ ಮುಗಿದ ಮೇಲೆ ಬೇರೆ ಪುಟದಲ್ಲಿ ನಿಮ್ಮದೇ ಎರಡು ಪ್ರಶ್ನೆ ಸೇರಿಸಿ: ಮೈಚಾಚಿದ್ದು ಎಷ್ಟೊತ್ತಿಗೆ; ದೀಪ ಆರಿಸಿ, ಫೋನ್ ಕೆಳಗಿಟ್ಟು, ನಿದ್ದೆ ಮಾಡಲೆಂದು ಕಣ್ಣು ಮುಚ್ಚಿದ್ದು ಎಷ್ಟೊತ್ತಿಗೆ. ದಕ್ಷತೆಯನ್ನು ಎರಡೂ ರೀತಿ ಲೆಕ್ಕ ಹಾಕಿ ಪಕ್ಕಪಕ್ಕ ಕೊಡಿ.

ಅನುವಾದ ನೀವೇ ಮಾಡಬೇಕಾಗಿ ಬಂದರೆ ಇಬ್ಬರು ಪ್ರತ್ಯೇಕವಾಗಿ ಮಾಡಲಿ, ಕೂತು ಒಂದು ಪ್ರತಿಗೆ ತನ್ನಿ, ಮೂಲವನ್ನು ನೋಡಿರದ ಮೂರನೆಯವರು ಅದನ್ನು ಇಂಗ್ಲಿಷ್‌ಗೆ ತಿರುಗಿಸಲಿ. ಆಮೇಲೆ ಎಂಟು–ಹತ್ತು ವಿದ್ಯಾರ್ಥಿಗಳಿಗೆ ಕೊಟ್ಟು 'ಈ ಪ್ರಶ್ನೆ ಏನು ಕೇಳ್ತಿದೆ, ನಿಮ್ಮ ಮಾತಲ್ಲಿ ಹೇಳಿ' ಅನ್ನಿ. ಈ ಕೊನೆಯ ಹೆಜ್ಜೆಯನ್ನು ಬಿಡುವವರೇ ಹೆಚ್ಚು, ತಪ್ಪುಗಳು ಸಿಕ್ಕಿಬೀಳುವುದೂ ಅಲ್ಲೇ. ಹತ್ತರಲ್ಲಿ ಇಬ್ಬರು ಕಲಬುರಗಿ ಕಡೆಯವರಿರಲಿ, ಹಾಸನದ ಕನ್ನಡ ಅವರಿಗೆ ಬೇರೆಯಾಗಿಯೇ ಕೇಳಿಸುತ್ತದೆ.

5ರ ಗಡಿಯ ಬಗ್ಗೆ. ಪಿಎಸ್‌ಕ್ಯುಐ 1989ರಲ್ಲಿ ಪ್ರಕಟವಾದದ್ದು. 52 ಆರೋಗ್ಯವಂತರು, 54 ಖಿನ್ನತೆಯ ರೋಗಿಗಳು, 62 ನಿದ್ರಾ ತೊಂದರೆಯ ರೋಗಿಗಳನ್ನು ಇಟ್ಟುಕೊಂಡು ಆ ಗಡಿ ಹಾಕಿದ್ದು. ರೋಗಿಯನ್ನು ಆರೋಗ್ಯವಂತನಿಂದ ಬೇರ್ಪಡಿಸಲು ಮಾಡಿದ ಗಡಿ ಅದು, ಮೂವರು ಒಂದೇ ರೂಮಿನಲ್ಲಿರುವ ಇಪ್ಪತ್ತರ ಹರೆಯದವರಿಗೆ ಅಲ್ಲ. ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಜನ 5 ದಾಟಿದರೂ ಅಚ್ಚರಿಪಡಬೇಡಿ. ಶೇಕಡಾವಾರು ಕೊಡಿ, ಆದರೆ ಮುಖ್ಯ ಫಲಿತಾಂಶ 0ಯಿಂದ 21ರವರೆಗಿನ ಪೂರ್ತಿ ಅಂಕದ ಮೇಲಿರಲಿ, ಏಳೂ ಘಟಕಗಳನ್ನು ಬಿಡಿಸಿ ತೋರಿಸಿ. ಒಂದು ಗುಂಪಿಗೆ ಅಂಕ ಹೆಚ್ಚಾಗಿರುವುದು ಚಳಿಯಿಂದಲೋ, ನಿದ್ದೆ ತಡವಾಗಿ ಬರುವುದರಿಂದಲೋ ಎಂಬುದು ಮೊತ್ತದಲ್ಲಿ ಮುಚ್ಚಿಹೋಗುತ್ತದೆ. ಕಲಬುರಗಿಯ ಸೆಖೆಯಿಂದ ಸಾವಿರ ಮೀಟರ್ ಹತ್ತಿರದ ಎತ್ತರಕ್ಕೆ ಬಂದವರಿಗೆ ಹಾಸನದ ಮಾಗಿ ಚಳಿಯೊಂದೇ 'ತುಂಬಾ ಚಳಿಯಾಗಿ ಎಚ್ಚರ' ಎಂಬ ಸಾಲಿಗೆ 3 ಅಂಕ ತರಬಹುದು. ಅದು ಸಂಸ್ಕೃತಿ ಅಲ್ಲ, ಕಂಬಳಿಯ ಕೊರತೆ.

ಫಾರ್ಮ್ ಬಗ್ಗೆ ಎರಡು ಮಾತು. ರಾತ್ರಿ ಹನ್ನೆರಡೂವರೆಯನ್ನು ಮಧ್ಯಾಹ್ನದ ಹನ್ನೆರಡೂವರೆ ಎಂದು ಒತ್ತುವವರು ಇದ್ದೇ ಇರುತ್ತಾರೆ. ಬೆಳಿಗ್ಗೆ 9ರಿಂದ ಸಂಜೆ 6ರ ನಡುವಿನ ಯಾವುದೇ 'ಮಲಗುವ ಸಮಯ' ಬಂದರೆ ಅವರನ್ನು ಮತ್ತೆ ಕೇಳಿ. ಎದ್ದ ಸಮಯದಿಂದ ಮಲಗಿದ ಸಮಯ ಕಳೆದಾಗ ಉತ್ತರ ಸೊನ್ನೆಗಿಂತ ಕೆಳಗೆ ಹೋದರೆ 24 ಸೇರಿಸಿ. ದಕ್ಷತೆ 100 ದಾಟಿದರೆ ಅವರು ಮಧ್ಯಾಹ್ನದ ನಿದ್ದೆಯನ್ನೂ ಕೂಡಿಸಿರಬಹುದು ಅಥವಾ ಸಮಯ ತಪ್ಪಾಗಿ ಬರೆದಿರಬಹುದು, ಪಿಎಸ್‌ಕ್ಯುಐ ಕೇಳುವುದು ರಾತ್ರಿಯ ನಿದ್ದೆಯನ್ನು ಮಾತ್ರ.

---

ಮಲೆನಾಡ_ಮೂಡಣ

ಗುಂಪು ಮಾಡಿರುವ ರೀತಿಯೇ ನನಗೆ ಒಪ್ಪಿಗೆಯಾಗ್ತಿಲ್ಲ. 'ಈಶಾನ್ಯ' ಅನ್ನೋದು ಒಂದು ಸಂಸ್ಕೃತಿ ಅಲ್ಲ. ಮಣಿಪುರ, ಮಿಜೋರಾಂ, ಅಸ್ಸಾಂ ಮೂರೂ ಬೇರೆ. 'ಹಾಸನ–ಚಿಕ್ಕಮಗಳೂರು' ಕೂಡ ಅಷ್ಟೇ: ಮೂಡಿಗೆರೆಯ ತೋಟದ ಮನೆಯಿಂದ ಬಂದವರ ದಿನಚರಿಯೂ ಅರಸೀಕೆರೆ ಪೇಟೆಯಿಂದ ಬಂದವರ ದಿನಚರಿಯೂ ಒಂದೇ ಅಲ್ಲ. ರಾಜ್ಯದ ಹೆಸರು ಕೇಳೋ ಬದಲು ನಿದ್ದೆಗೆ ನೇರವಾಗಿ ತಾಗೋ ಅಭ್ಯಾಸಗಳನ್ನ ಕೇಳಿ. ಮನೆಯಲ್ಲಿ ಒಬ್ಬರೇ ಮಲಗ್ತಿದ್ರಾ, ಅಜ್ಜಿ–ತಮ್ಮಂದಿರ ಜೊತೆಗಾ? ದೀಪ ಹಾಕಿಕೊಂಡಾ, ಆರಿಸಿಯಾ? ಮಧ್ಯಾಹ್ನ ವಾರಕ್ಕೆ ಎಷ್ಟು ದಿನ, ಎಷ್ಟು ನಿಮಿಷ? ರಾತ್ರಿ ಊಟ ಮನೆಯಲ್ಲಿ ಎಷ್ಟೊತ್ತಿಗೆ, ಮೆಸ್‌ನಲ್ಲಿ ಎಷ್ಟೊತ್ತಿಗೆ? ಪ್ರಾರ್ಥನೆಗೋ ಪೂಜೆಗೋ ಎದ್ದು ಮತ್ತೆ ಮಲಗ್ತೀರಾ? ಮನೆ ಬಿಟ್ಟು ಎಷ್ಟು ತಿಂಗಳಾಯ್ತು?

ಎದ್ದು ಮತ್ತೆ ಮಲಗೋ ಪ್ರಶ್ನೆ ಬಹಳ ಮುಖ್ಯ. ಫಜರ್ (ನಸುಕಿನ) ನಮಾಜಿಗೆ ಎದ್ದು ಮತ್ತೆ ಒಂದು ಗಂಟೆ ಮಲಗೋರಿಗೆ ಪಿಎಸ್‌ಕ್ಯುಐನ 'ಎದ್ದ ಸಮಯ' ಅನ್ನೋ ಒಂದೇ ಖಾನೆ ಸಾಕಾಗಲ್ಲ. ಬ್ರಾಹ್ಮೀ ಮುಹೂರ್ತದಲ್ಲಿ ಏಳೋದೇ ಒಳ್ಳೇದು ಅಂತ ಕೇಳಿ ಬೆಳೆದವರು, ಅಲಾರಂ ಹೊಡೆದ ಹೊತ್ತನ್ನೇ ಎದ್ದ ಹೊತ್ತು ಅಂತ ಬರೆಯೋ ಸಾಧ್ಯತೆನೂ ಇದೆ. ಅದಕ್ಕೇ ಒಂದು ಸಲದ ಪ್ರಶ್ನಾವಳಿ ಜೊತೆ ಏಳು ದಿನದ ನಿದ್ದೆ ಡೈರಿ ಇಡಿಸಿ. ಹದಿನಾಲ್ಕು ದಿನ ಆದರೆ ಇನ್ನೂ ಒಳ್ಳೇದು, ಎರಡು ಭಾನುವಾರ ಸಿಗ್ತವೆ.

ಈಗ ಸೂರ್ಯನ ಲೆಕ್ಕ. ನಮ್ಮ ಗಡಿಯಾರ ನಿಂತಿರೋದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಹಾಸನ ಇರೋದು 76 ಡಿಗ್ರಿ ಸುಮಾರಿಗೆ, ಅಸ್ಸಾಂನ ದಿಬ್ರೂಗಢ 95ರ ಹತ್ತಿರ. ಡಿಗ್ರಿಗೆ ನಾಲ್ಕು ನಿಮಿಷದ ಹಾಗೆ, ಒಂದೇ ಗಡಿಯಾರದಲ್ಲಿ ಅಲ್ಲಿನ ಸೂರ್ಯ ಇಲ್ಲಿಗಿಂತ ಒಂದೂಕಾಲು ಗಂಟೆ ಮುಂದೆ. ಜೂನ್‌ನಲ್ಲಿ ಹಗಲು ಉದ್ದವಾಗೋದೂ ಸೇರಿ ದಿಬ್ರೂಗಢದಲ್ಲಿ ಬೆಳಿಗ್ಗೆ 4:15ರ ಹೊತ್ತಿಗೇ ಸೂರ್ಯೋದಯ, ಹಾಸನದಲ್ಲಿ 6ಕ್ಕೆ. ಅಸ್ಸಾಂನ ಚಹಾ ತೋಟಗಳಲ್ಲಿ ಗಡಿಯಾರವನ್ನೇ ಒಂದು ಗಂಟೆ ಮುಂದಿಟ್ಟು ಕೆಲಸ ಮಾಡೋ ರೂಢಿ ಇರೋದು ಇದಕ್ಕೇ. ಇಲ್ಲಿಗೆ ಬಂದವರ ದೇಹದ ಗಡಿಯಾರ ಕೆಲವು ದಿನಗಳಲ್ಲಿ ಹೊಂದಿಕೊಳ್ಳುತ್ತೆ, ಆದರೆ ಏಳೂವರೆಗೆ ಊಟ, ಒಂಬತ್ತಕ್ಕೆ ಹಾಸಿಗೆ ಅನ್ನೋ ಮನೆಯ ಅಭ್ಯಾಸ ಅಷ್ಟು ಬೇಗ ಹೋಗಲ್ಲ. ಹಾಸ್ಟೆಲ್‌ನಲ್ಲಿ ಒಂಬತ್ತಕ್ಕೆ ಗದ್ದಲ ಶುರು. ಕೇರಳದವರಿಗೆ ಈ ಸಮಸ್ಯೆ ಇಲ್ಲ, ಕೋಝಿಕ್ಕೋಡ್ ಹೆಚ್ಚುಕಮ್ಮಿ ನಮ್ಮ ರೇಖಾಂಶದಲ್ಲೇ ಇದೆ.

ಇನ್ನು ತಿಂಗಳು. ಪಿಎಸ್‌ಕ್ಯುಐ ಹಿಂದಿನ ಒಂದು ತಿಂಗಳ ಬಗ್ಗೆ ಕೇಳುತ್ತೆ. 2026ರ ರಂಜಾನ್ ಫೆಬ್ರವರಿ ಮೂರನೇ ವಾರದಿಂದ ಮಾರ್ಚ್ ಮೂರನೇ ವಾರದವರೆಗೆ. ನಿಮ್ಮ ಡೇಟಾ ಸರಿಯಾಗಿ ಅದರ ನಡುವೆ ಬೀಳುತ್ತೆ! ಸಹರಿಗೆ (ಉಪವಾಸಕ್ಕೆ ಮುಂಚಿನ ಬೆಳಗಿನ ಜಾವದ ಊಟಕ್ಕೆ) ಏಳೋರ ಆ ತಿಂಗಳ ಅಂಕವನ್ನ ಅವರ ಸಾಮಾನ್ಯ ನಿದ್ದೆ ಅಂತ ಬರೆದರೆ ಅನ್ಯಾಯ. ಈದ್ ಮುಗಿದು ಐದು ವಾರ ಬಿಟ್ಟು ಶುರು ಮಾಡಿ, ಅಥವಾ ಆಗಸ್ಟ್–ಸೆಪ್ಟೆಂಬರ್‌ಗೆ ಹೋಗಿ. ದೀಪಾವಳಿ ಸುತ್ತಮುತ್ತ ಬೇಡ, ಹಾಸನಾಂಬೆ ಬಾಗಿಲು ತೆರೆದ ದಿನಗಳಲ್ಲಿ ಊರಿನ ರಾತ್ರಿಯೇ ಬೇರೆ ಇರುತ್ತೆ. ಪರೀಕ್ಷೆಯ ಹಿಂದಿನ ತಿಂಗಳೂ ಬೇಡ.

---

ಡಾ_ಕಾಫಿನಾಡು

ವೈದ್ಯಕೀಯ ಕಡೆಯಿಂದ ಕೆಲವು ಮಾತು.

ಪಿಎಸ್‌ಕ್ಯುಐನಲ್ಲಿ ನಿದ್ದೆಗಾಗಿ ಔಷಧಿ ತೆಗೆದುಕೊಂಡಿರಾ ಎಂಬ ಪ್ರಶ್ನೆ ಇದೆ. ಮಳೆಗಾಲದಲ್ಲಿ ಮೂಗು ಸೋರಿದಾಗ ಸೆಟಿರಿಜಿನ್ ನುಂಗುವವರು ಹಾಸ್ಟೆಲ್‌ನಲ್ಲಿ ಬಹಳ. ಅದರಿಂದ ಮಂಪರು ಬರುತ್ತದೆ, ಆದರೆ ನೆಗಡಿಗೆಂದು ತೆಗೆದುಕೊಂಡದ್ದು ಈ ಪ್ರಶ್ನೆಗೆ ಸೇರುವುದಿಲ್ಲ, ನಿದ್ದೆ ಬರಲೆಂದೇ ತೆಗೆದುಕೊಂಡರೆ ಸೇರುತ್ತದೆ. ಇದನ್ನು ಬಿಡಿಸಿ ಹೇಳದಿದ್ದರೆ ಆಗಸ್ಟ್‌ನ ಡೇಟಾದಲ್ಲಿ ಆ ಘಟಕ ಸುಮ್ಮನೆ ಏರುತ್ತದೆ. ಹಾಗೆಯೇ ಅಲರ್ಜಿ, ಆಸ್ತಮಾ, ಗೊರಕೆ, ಥೈರಾಯ್ಡ್, ರಕ್ತಹೀನತೆ ಇದೆಯೇ ಎಂದು ಹೌದು–ಇಲ್ಲ ರೂಪದಲ್ಲಿ ಕೇಳಿ. ಕಬ್ಬಿಣದ ಕೊರತೆಗೂ ರಾತ್ರಿ ಕಾಲು ಆಡಿಸದೆ ಇರಲಾಗದ ತೊಂದರೆಗೂ ಸಂಬಂಧವಿದೆ, ವಿದ್ಯಾರ್ಥಿನಿಯರಲ್ಲಿ ಇದನ್ನು ಕೇಳದೆ ಬಿಡಬೇಡಿ.

ಕಾಫಿಯನ್ನು 'ದಿನಕ್ಕೆ ಎಷ್ಟು ಲೋಟ' ಎಂದು ಕೇಳಿದರೆ ಪ್ರಯೋಜನವಿಲ್ಲ. ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಸುಮಾರು ಎರಡು ಪಟ್ಟು ಕೆಫೀನ್. ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ, ಕಾಫಿ–ಚಿಕೋರಿ ಮಿಶ್ರಣದಲ್ಲಿ ಚಿಕೋರಿ ಶೇ 49ರವರೆಗೆ ಇರಬಹುದು. ಚಿಕ್ಕಮಗಳೂರಿನ ಮನೆಯಿಂದ ತಂದ ಪುಡಿಯ ಒಂದು ಲೋಟವೂ ಮೆಸ್‌ನ ಒಂದು ಲೋಟವೂ ಸಮವಲ್ಲ. ಕೊನೆಯ ಕಾಫಿ ಅಥವಾ ಚಹಾ ಎಷ್ಟೊತ್ತಿಗೆ ಎಂಬುದೇ ಹೆಚ್ಚು ಉಪಯೋಗದ ಪ್ರಶ್ನೆ. ಕೆಫೀನಿನ ಅರ್ಧಾಯುಷ್ಯ ವಯಸ್ಕರಲ್ಲಿ ಸರಾಸರಿ ಐದು ಗಂಟೆ. ಸಂಜೆ ಆರಕ್ಕೆ ಕುಡಿದದ್ದರಲ್ಲಿ ಅರ್ಧ ರಾತ್ರಿ ಹನ್ನೊಂದಕ್ಕೂ ಮೈಯಲ್ಲಿರುತ್ತದೆ. ಧೂಮಪಾನ ಮಾಡುವವರಲ್ಲಿ ಬೇಗ ಇಳಿಯುತ್ತದೆ, ಆದ್ದರಿಂದ ಅದನ್ನೂ ಕೇಳಿ.

ಹಗಲಿನ ತೂಕಡಿಕೆಗೆ ಎಪ್‌ವರ್ತ್ ಮಾಪಕ ಸೇರಿಸುವುದಾದರೆ ಎಚ್ಚರ. ಎಂಟು ಸನ್ನಿವೇಶ, ಒಟ್ಟು 24, 10 ದಾಟಿದರೆ ಹೆಚ್ಚು ಎಂದು ಲೆಕ್ಕ. ಅದರಲ್ಲಿ ಒಂದು ಗಂಟೆ ಕಾರಿನಲ್ಲಿ ಪ್ರಯಾಣಿಕರಾಗಿ ಕೂತಾಗ, ಟ್ರಾಫಿಕ್‌ನಲ್ಲಿ ಕಾರು ನಿಂತಾಗ ಎಂಬ ಸಾಲುಗಳಿವೆ. ಸಕಲೇಶಪುರದ ಬಸ್ಸು ಹತ್ತಿದ ಕೂಡಲೇ ಜೊಂಪು ಹತ್ತುವ ವಿದ್ಯಾರ್ಥಿ ಕಾರಿನ ಜಾಗದಲ್ಲಿ ಬಸ್ಸನ್ನು ಊಹಿಸಿಕೊಂಡು ಉತ್ತರಿಸುತ್ತಾನೆ. 'ಮದ್ಯ ಸೇವಿಸದೆ ಊಟವಾದ ಮೇಲೆ' ಎಂಬ ಸಾಲು ಕೆಲವರಿಗೆ ಮುಜುಗರ ತರುತ್ತದೆ. ಪ್ರಾಯೋಗಿಕ ಸುತ್ತಿನಲ್ಲಿ ಈ ಮೂರನ್ನೂ ಬಿಡಿಯಾಗಿ ಪರೀಕ್ಷಿಸಿ.

ಕಡೆಯದಾಗಿ ಗೋಪ್ಯತೆ, ಇದರಲ್ಲಿ ಸಡಿಲ ಬೇಡ. ಎಥಿಕ್ಸ್ ಕಮಿಟಿ ಅನುಮತಿ ಮೊದಲು. ಮೊದಲ ವರ್ಷದಲ್ಲಿ 18 ತುಂಬದವರಿದ್ದರೆ ಅವರ ಒಪ್ಪಿಗೆಯ ಜೊತೆ ಪೋಷಕರ ಒಪ್ಪಿಗೆಯೂ ಬೇಕು. ಹೆಸರು ಬೇಡ, ಕೋಡ್ ಸಂಖ್ಯೆ ಸಾಕು. ವಾರ್ಡನ್ ಮೂಲಕ ಫಾರ್ಮ್ ಕಳಿಸಬೇಡಿ; ಕಳಿಸಿದರೆ ರಾತ್ರಿ ಎರಡಕ್ಕೆ ಮಲಗುವವನು ಹನ್ನೊಂದು ಎಂದೇ ಬರೆಯುತ್ತಾನೆ. ಎಂಟೇ ಜನ ಹೊರದೇಶದವರಿರುವಾಗ ದೇಶ, ವಯಸ್ಸು, ಕೋರ್ಸ್ ಮೂರನ್ನೂ ಒಂದೇ ಕೋಷ್ಟಕದಲ್ಲಿ ಹಾಕಿದರೆ ಯಾರು ಯಾರೆಂದು ಗೊತ್ತಾಗಿಬಿಡುತ್ತದೆ. ಫಾರ್ಮ್‌ನ ಕೊನೆಯ ಪುಟದಲ್ಲಿ ಟೆಲಿ-ಮಾನಸ್ ಸಹಾಯವಾಣಿ 14416 ಹಾಕಿ, ಕನ್ನಡದಲ್ಲೂ ಮಾತಾಡುತ್ತಾರೆ. ನಿದ್ದೆ ಕೆಟ್ಟವರಲ್ಲಿ ಮನಸ್ಸೂ ಸೋತವರು ಇರುತ್ತಾರೆ.

---

ಹೇಮಾವತಿ_ದಂಡೆ

ಎಲ್ಲರಿಗೂ ತುಂಬಾ ಧನ್ಯವಾದ. 'ಮಲಗು' ವಿಷಯ ಹೊಳೆದೇ ಇರಲಿಲ್ಲ. ಆಗಸ್ಟ್‌ಗೆ ಮುಂದೂಡೋಕೆ ಗೈಡ್ ಜೊತೆ ಮಾತಾಡ್ತೀನಿ. ಇನ್ನೆರಡು ಅನುಮಾನ. ಅಭ್ಯಾಸಗಳನ್ನ ಕೇಳಿದ ಮೇಲೆ ಗುಂಪಿಗೆ 60 ಜನ ಸಾಕಾ? ಮತ್ತೆ, ತಡವಾಗಿ ಮಲಗೋದನ್ನ ಅಭ್ಯಾಸ ಅಂತ ಹಿಡೀಬೇಕಾ, ವಯಸ್ಸು ಅಂತ ಹಿಡೀಬೇಕಾ?

---

ಅಂಕಿ_ಸಂಕಿ

60 ಸಾಕಾಗುವುದಿಲ್ಲ. ಲೆಕ್ಕ ಹೀಗೆ: ಪಿಎಸ್‌ಕ್ಯುಐಯ ಪ್ರಮಾಣಿತ ವಿಚಲನೆ (ಅಂಕಗಳ ಚೆದುರುವಿಕೆ) 3 ಎಂದುಕೊಳ್ಳಿ, 1.5 ಅಂಕದ ವ್ಯತ್ಯಾಸ ಹಿಡಿಯಬೇಕು, ಸಾಮರ್ಥ್ಯ (ವ್ಯತ್ಯಾಸ ನಿಜವಾಗಿ ಇದ್ದರೆ ಅದು ಸಿಗುವ ಸಾಧ್ಯತೆ) ಶೇ 80. ಆಗ ಗುಂಪಿಗೆ 63. ಆದರೆ ಇದು ಪ್ರತಿಯೊಬ್ಬರೂ ಬೇರೆ ಬೇರೆ ಮನೆಯಲ್ಲಿ ಮಲಗಿದಾಗ. ನಿಮ್ಮವರು ಮೂವರು ಒಂದೇ ರೂಮಿನಲ್ಲಿ, ಒಬ್ಬ ರಾತ್ರಿ ಒಂದಕ್ಕೆ ಟ್ಯೂಬ್‌ಲೈಟ್ ಹಾಕಿದರೆ ಮೂವರ ಅಂಕವೂ ಕೆಡುತ್ತದೆ. ರೂಮಿನೊಳಗಿನ ಹೋಲಿಕೆ 0.2 ಎಂದಿಟ್ಟುಕೊಂಡರೆ 1 ಕೂಡಿಸು (3 – 1) ಗುಣಿಸು 0.2, ಅಂದರೆ 1.4 ಪಟ್ಟು ಬೇಕು: 63 ಹೋಗಿ ಸುಮಾರು 88. ಶೇ 15 ಜನ ಡೈರಿ ಅರ್ಧಕ್ಕೆ ಬಿಡುತ್ತಾರೆಂದರೆ 104. ನಾಲ್ಕು ಗುಂಪಿಗೆ 416. ಅಷ್ಟು ಸಿಗದಿದ್ದರೆ ಗುಂಪು ಎರಡು ಮಾಡಿ, ಅಥವಾ ಗುಂಪನ್ನೇ ಕೈಬಿಟ್ಟು ಅಭ್ಯಾಸಗಳನ್ನು ಚರಾಂಶಗಳಾಗಿ ಇಟ್ಟುಕೊಳ್ಳಿ. ಎರಡನೆಯದೇ ನನಗೆ ಸರಿಯೆನಿಸುತ್ತದೆ. ರೂಮ್ ಸಂಖ್ಯೆಗೂ ಒಂದು ಕೋಡ್ ಕೊಟ್ಟು ಸಂಗ್ರಹಿಸಿ, ರೂಮನ್ನು ಯಾದೃಚ್ಛಿಕ ಅಂಶವಾಗಿಟ್ಟು ಮಿಶ್ರ ಮಾದರಿ (ಒಂದೇ ರೂಮಿನವರ ಹೋಲಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ವಿಶ್ಲೇಷಣೆ) ಓಡಿಸಿ. ನಾಲ್ಕು ಗುಂಪಿಗೆ ಆರು ಟಿ-ಟೆಸ್ಟ್ ಆಗುತ್ತವೆ, ಆರರಲ್ಲೊಂದು ಆಕಸ್ಮಿಕವಾಗಿ 'ಗಣನೀಯ' ಎಂದು ಬರುವ ಅಪಾಯ ಸಾಕಷ್ಟಿದೆ. ಹೊರದೇಶದ ಆ ಎಂಟು ಜನರಿಗೆ ಅಂಕಿಅಂಶವೇ ಬೇಡ, ಒಬ್ಬೊಬ್ಬರ ಜೊತೆ ನಲವತ್ತು ನಿಮಿಷ ಕೂತು ಸಂದರ್ಶನ ಮಾಡಿ.

ವಯಸ್ಸಿನ ಪ್ರಶ್ನೆ ಒಳ್ಳೆಯದು. ತಡವಾಗಿ ಮಲಗುವ ಪ್ರವೃತ್ತಿ ಇಪ್ಪತ್ತರ ಆಸುಪಾಸಿನಲ್ಲಿ ತುತ್ತತುದಿಗೆ ಹೋಗಿ ಆಮೇಲೆ ಇಳಿಯುತ್ತದೆ, ಹುಡುಗಿಯರಲ್ಲಿ ಸ್ವಲ್ಪ ಮೊದಲು, ಹುಡುಗರಲ್ಲಿ ಸ್ವಲ್ಪ ತಡ. ಇದು ದೇಹಧರ್ಮ. ಒಂದು ಗುಂಪಿನಲ್ಲಿ ಎಲ್ಲರೂ ಮೊದಲ ವರ್ಷದವರು, ಇನ್ನೊಂದರಲ್ಲಿ ಪಿಜಿಯವರು ತುಂಬಿದ್ದರೆ ನೀವು ವಯಸ್ಸನ್ನೇ ಸಂಸ್ಕೃತಿ ಎಂದು ಬರೆದುಬಿಡುತ್ತೀರಿ. ಇದಕ್ಕೆ ಮ್ಯೂನಿಕ್ ಕ್ರೊನೊಟೈಪ್ ಪ್ರಶ್ನಾವಳಿ ಬಳಸಿ (ಕ್ರೊನೊಟೈಪ್ ಎಂದರೆ ಬೇಗ ಅಥವಾ ತಡವಾಗಿ ಮಲಗುವ ದೇಹದ ಸಹಜ ಒಲವು). ಉದಾಹರಣೆಗೆ ಕಾಲೇಜಿನ ದಿನ 12:30ಕ್ಕೆ ನಿದ್ದೆ, 6:30ಕ್ಕೆ ಎಚ್ಚರ: ನಿದ್ದೆಯ ನಡುಬಿಂದು 3:30. ಭಾನುವಾರ 2ಕ್ಕೆ ನಿದ್ದೆ, 10ಕ್ಕೆ ಎಚ್ಚರ: ನಡುಬಿಂದು 6. ಎರಡರ ಅಂತರ ಎರಡೂವರೆ ಗಂಟೆ, ಇದನ್ನು ಸಾಮಾಜಿಕ ಜೆಟ್‌ಲ್ಯಾಗ್ ಎನ್ನುತ್ತಾರೆ. ಕ್ರೊನೊಟೈಪ್‌ಗೆ ಭಾನುವಾರ ತೀರಿಸಿದ ನಿದ್ದೆಯ ಸಾಲವನ್ನು ಕಳೆಯಬೇಕು. ವಾರದ ಸರಾಸರಿ ನಿದ್ದೆ ಆರು ದಿನ 6 ಗಂಟೆ, ಒಂದು ದಿನ 8 ಗಂಟೆ, ಒಟ್ಟು 44 ಭಾಗಿಸು 7, ಅಂದರೆ 6.29. ಭಾನುವಾರದ 8ರಿಂದ ಅದನ್ನು ಕಳೆದು ಅರ್ಧ ಮಾಡಿದರೆ 0.86. 6ರಿಂದ ಅಷ್ಟು ತೆಗೆದರೆ 5:09. ಇಲ್ಲಿ ಕೆಲಸದ ದಿನ ಐದು ಎಂದು ಹಾಕಬೇಡಿ, ನಮ್ಮಲ್ಲಿ ಶನಿವಾರವೂ ಕಾಲೇಜು.

ಇನ್ನೊಂದು ತೊಡಕು: ಈ ಲೆಕ್ಕ ನಡೆಯುವುದು ರಜೆಯ ದಿನ ಅಲಾರಂ ಇಲ್ಲದೆ ಎದ್ದಾಗ ಮಾತ್ರ. ಮೆಸ್‌ನಲ್ಲಿ ಭಾನುವಾರ ಒಂಬತ್ತಕ್ಕೆ ತಿಂಡಿ ಮುಗಿಯುತ್ತದೆ, ಬಿಸಿನೀರು ಏಳಕ್ಕೇ ಖಾಲಿ ಎಂದಾದರೆ ಅದು ರಜೆಯ ದಿನವೇ ಅಲ್ಲ. ಆದ್ದರಿಂದ ಡೈರಿಯಲ್ಲಿ 'ಯಾಕೆ ಎದ್ದಿರಿ' ಎಂಬ ಖಾನೆ ಇರಲಿ: ತಾನಾಗಿ, ಅಲಾರಂ, ಬಿಸಿನೀರು, ತಿಂಡಿ, ರೂಂಮೇಟ್, ಸದ್ದು, ಚಳಿ.

---

ಮಲೆನಾಡ_ಮೂಡಣ

ಆ ಖಾನೆಗೆ 'ಫೀಲ್ಡ್ ಪ್ರಾಕ್ಟಿಕಲ್' ಸೇರಿಸಿ. ಕೃಷಿ, ಪಶುವೈದ್ಯ ಓದೋರು ಇದ್ದರೆ ಬೆಳಗಿನ ಹೊಲದ ಕೆಲಸ, ದನದ ಆಸ್ಪತ್ರೆಯ ರಾತ್ರಿ ಪಾಳಿ ಇರುತ್ತೆ. ಪಾಳಿ ಇದ್ದ ವಾರದ ಡೈರಿಯನ್ನ ಬೇರೆ ಗುರುತು ಹಾಕಿ ಇಡಿ. ಬಿ.ಎಂ. (ಬೆಂಗಳೂರು–ಮಂಗಳೂರು) ರಸ್ತೆ ಕಡೆಗೆ ಕಿಟಕಿ ಇರೋ ರೂಮುಗಳು ಯಾವುವು ಅನ್ನೋದನ್ನೂ ನೀವೇ ಒಂದು ಸಲ ಸುತ್ತಾಡಿ ಬರೆದಿಟ್ಟುಕೊಳ್ಳಿ, ಅದನ್ನ ವಿದ್ಯಾರ್ಥಿಗಳ ಹತ್ತಿರ ಕೇಳೋ ಅಗತ್ಯ ಇಲ್ಲ. ಡೈರಿ ಹಾಳೆ ಎ-4ರ ಅರ್ಧಕ್ಕಿಂತ ದೊಡ್ಡದು ಬೇಡ. ತಲೆದಿಂಬಿನ ಕೆಳಗೆ ಇಡೋ ಹಾಗಿರಲಿ. ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ತುಂಬಬೇಕು, ಸಂಜೆ ಕೂತು ಏಳು ದಿನದ್ದನ್ನ ಒಟ್ಟಿಗೆ ತುಂಬಿದ ಹಾಳೆ ನೋಡಿದರೇ ಗೊತ್ತಾಗುತ್ತೆ: ಒಂದೇ ಪೆನ್ನು, ಒಂದೇ ಕೈ, ಎಲ್ಲಾ ರಾತ್ರಿಯೂ ಹನ್ನೊಂದು ಗಂಟೆ. ಅಂಥವನ್ನ ಲೆಕ್ಕಕ್ಕೆ ಸೇರಿಸಬೇಡಿ, ಎಷ್ಟು ಬಿಟ್ಟಿರಿ ಅಂತ ಮಾತ್ರ ಬರೆಯಿರಿ.